ಒಂದಕ್ಷರದ ಅಣಕ

ಅಮೆರಿಕದ ಅಲೆನ್, ಡಲ್ಲಾಸಿನ ಕನ್ನಡ ಹಬ್ಬದ ವೇದಿಕೆಗಳಲ್ಲಿ ಹಾಸ್ಯವೆಂದರೆ ಗಂಡ-ಹೆಂಡಿರ ಜೋಕು, ಇಲ್ಲವೇ ವಾಟ್ಸಾಪಿನಲ್ಲಿ ಸುತ್ತಿ ಸವೆದ ಚುಟುಕು. ಅದಕ್ಕೆ ಬಿದ್ದು ಬಿದ್ದು ನಗುವ ಸಭೆ, ಹಾಸ್ಯಲೇಖಕ ಬೀಚಿಯವರ ಆತ್ಮಕಥೆ ‘ನನ್ನ ಭಯಾಗ್ರಫಿ’ಯ ಹೆಸರು ಕೇಳಿದರೆ ಮಿಸುಕುವುದಿಲ್ಲ. ಹೇಳಿದವರು ‘ಬಯಾಗ್ರಫಿ’ ಎಂದೇ ಹೇಳಿರುತ್ತಾರೆ. ಭಕಾರ ಹೋದ ಮೇಲೆ ಉಳಿಯುವುದೇನು?

ಅಣಕದ ರುಚಿ ಹತ್ತಬೇಕಾದರೆ ಮೊದಲು ಕಿವಿ ತಯಾರಾಗಬೇಕು. ನಮ್ಮಪ್ಪ ಆ ಹೆಸರನ್ನು ಗಟ್ಟಿಯಾಗಿ ಓದುವಾಗ ‘ಭ’ದ ಮೇಲೆ ಉಸಿರು ಒತ್ತಿ ಒಂದು ಗಳಿಗೆ ನಿಲ್ಲುತ್ತಿದ್ದರು. ತನ್ನ ಬದುಕನ್ನು ತಾನೇ ಬರೆಯಲು ಕೂತವನ ಅಳುಕೆಲ್ಲ ಆ ಒಂದು ಮಹಾಪ್ರಾಣದಲ್ಲಿತ್ತು. ಅಂದೇ ನನ್ನ ಕಿವಿ ತೆರೆಯಿತು. ಇಲ್ಲಿ ಹುಟ್ಟಿದ ಮಕ್ಕಳಿಗೆ ಬ-ಭ ವ್ಯತ್ಯಾಸ ಯಾಕೆ ಎನ್ನುವ ತಂದೆತಾಯಂದಿರಿಗೆ ನಾನು ಕೊಡುವ ಉತ್ತರವೂ ಇದೇ.

ಹೆಸರಿನ ಒಂದಕ್ಷರ ಬದಲಿಸಿ ಅಣಕಿಸುವ ಈ ಕಸುಬು ಇಂಗ್ಲಿಷಿನಲ್ಲೂ ಹಳೆಯದು. 1740ರಲ್ಲಿ ರಿಚರ್ಡ್‌ಸನ್ ‘ಪಮೇಲಾ’ ಕಾದಂಬರಿ ಬರೆದ. ಧಣಿಯ ಕಾಟಕ್ಕೆ ಮಣಿಯದೆ ಶೀಲ ಕಾಯ್ದುಕೊಂಡ ಸೇವಕಿಗೆ ಕೊನೆಗೆ ಅವನೊಡನೆಯೇ ಮದುವೆ. ಮರುವರ್ಷವೇ ಫೀಲ್ಡಿಂಗ್ ‘ಶಮೇಲಾ’ ತಂದ. ‘ಶಾಮ್’ ಎಂದರೆ ಸೋಗು. ಶೀಲವೆಲ್ಲ ಧಣಿಯನ್ನು ಬಲೆಗೆ ಕೆಡವುವ ಹೂಟ ಎಂಬ ಇಡೀ ವಾದ ಆ ಮೊದಲಕ್ಷರದಲ್ಲೇ ಮುಗಿದಿದೆ. ಟೋಲ್ಕೀನನ ‘ಲಾರ್ಡ್ ಆಫ್ ದ ರಿಂಗ್ಸ್’ ಅನ್ನು ಅಣಕಿಸಿದ 1969ರ ‘ಬೋರ್ಡ್ ಆಫ್ ದ ರಿಂಗ್ಸ್’ ಹೆಸರು ಕೇಳಿದೊಡನೆ ನಗು ಬರುತ್ತದೆ, ನಿಜ. ಆದರೆ ಆ ಶ್ಲೇಷೆ ಟೋಲ್ಕೀನನ ಮೇಲೆ ಯಾವ ವಾದವನ್ನೂ ಹೂಡುವುದಿಲ್ಲ. ನನ್ನ ಮಟ್ಟಿಗೆ ಅದು ಎರಡನೇ ದರ್ಜೆ.

ಮೂಲ ಓದದೆ ಅಣಕಕ್ಕೆ ಕೈಹಾಕಬೇಡಿ. ಡಿವಿಜಿಯವರ 1943ರ ‘ಮಂಕುತಿಮ್ಮನ ಕಗ್ಗ’ದ ನಡಿಗೆ ನಾಲಿಗೆಗೆ ಹತ್ತಿದವರಿಗಷ್ಟೇ ಅದನ್ನು ಅಣಕಿಸುವ ಬೀಚಿಯವರ ‘ಅಂದನಾ ತಿಂಮ’ ಒಲಿಯುತ್ತದೆ. ಡಿವಿಜಿಯವರ ಮೇಲೆ ಗೌರವವಿಲ್ಲದವನು ಅಂಥದ್ದನ್ನು ಬರೆಯಲಾರ. ಅಣಕವೆಂದರೆ ಅವಹೇಳನ ಎಂದು ಮೂಗು ಮುರಿಯುವವರು ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ ನೋಡಲಿ.

ಹಾಸ್ಯಪತ್ರಿಕೆ ‘ಕೊರವಂಜಿ’ಯ ಹಳೆಯ ಸಂಚಿಕೆ ಎಲ್ಲಿ ಸಿಕ್ಕರೂ ಬಿಡಬೇಡಿ. ಹೊಸಬರು ನಾ. ಕಸ್ತೂರಿಯವರ ‘ಅನರ್ಥಕೋಶ’ದಿಂದ ಶುರು ಮಾಡಿದರೆ ಒಳ್ಳೆಯದು. ಪಕ್ಕದಲ್ಲಿ ನಿಜವಾದ ಅರ್ಥಕೋಶವೂ ಇರಲಿ. ಒಂದು ಪದಕ್ಕೆ ಅಲ್ಲೊಮ್ಮೆ, ಇಲ್ಲೊಮ್ಮೆ ಅರ್ಥ ನೋಡಿ, ಗಟ್ಟಿಯಾಗಿ ಓದಿ.