ದೋಣಿಯೇ ಅಚ್ಚಾದಾಗ

ಫ್ರಾನ್ಸಿನ ಹಾಯಿದೋಣಿ ಸ್ಪರ್ಧಿ ಎರಿಕ್ ತಾಬರ್ಲಿಯ (1931–1998) ಬಗ್ಗೆ ಪಿಯೆರ್ ಮಾರ್ಸೆಲ್ 2008ರಲ್ಲಿ ‘ತಾಬರ್ಲಿ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಹಳೆಯ ತುಣುಕುಗಳು, ತಾಬರ್ಲಿಯದೇ ದನಿ, ಯಾನ್ ಟಿಯರ್ಸನ್ ಸಂಗೀತ. ನೋಡುತ್ತ ಕೂತರೆ ಮನಸ್ಸು ಸೋಲುತ್ತದೆ. ಸೋಲುವುದರಿಂದಲೇ ನನಗೆ ಅನುಮಾನ ಕೂಡ. ಒಬ್ಬ ಮಿತಭಾಷಿ, ಎದುರಿಗೆ ಕಡಲು: ಈ ಒಂಟಿ ವೀರನ ಚಿತ್ರ ಅವನ ವೃತ್ತಿಜೀವನಕ್ಕೆ ನಿಜಕ್ಕೂ ಒಪ್ಪುತ್ತದೆಯೇ?

ಒಪ್ಪುವ ಪುರಾವೆಗಳು ಬೇಕಾದಷ್ಟಿವೆ. 1964ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಿಂದ ಅಮೆರಿಕದ ನ್ಯೂಪೋರ್ಟ್‌ವರೆಗಿನ ಒಂಟಿ ಪಯಣದ ಸ್ಪರ್ಧೆಯನ್ನು ಆತ 27 ದಿನಗಳಲ್ಲಿ ಮುಗಿಸಿದ. ಹಿಂದಿನ ವಿಜೇತ ಫ್ರಾನ್ಸಿಸ್ ಚಿಚೆಸ್ಟರ್ ಎರಡನೆಯವನಾದ. ನೌಕಾಪಡೆಯ ಈ ಅಧಿಕಾರಿ ರಾತ್ರೋರಾತ್ರಿ ಫ್ರಾನ್ಸಿನ ಮನೆಮಾತಾದ. 1976ರಲ್ಲಿ ಅದೇ ಸ್ಪರ್ಧೆಗೆ ದೊಡ್ಡ ತಂಡವೊಂದು ನಡೆಸಬೇಕಾದ 22 ಮೀಟರ್ ಉದ್ದದ ‘ಪೆನ್ ಡುಯಿಕ್ 6’ ಅನ್ನು ಒಬ್ಬನೇ ಒಯ್ದು, ಆಟೋಪೈಲಟ್ ಕೆಟ್ಟರೂ ಮತ್ತೆ ಗೆದ್ದ.

ಇದರ ಜೊತೆಗೆ ಇನ್ನೊಂದು ಸಿದ್ಧಮಾತೂ ಚಾಲ್ತಿಯಲ್ಲಿದೆ: ಹಾಯಿದೋಣಿಯವರ ಮನೆಯಲ್ಲಿ ಹುಟ್ಟಿದವನು, ಕಡಲು ರಕ್ತದಲ್ಲೇ ಇತ್ತು ಎಂಬುದು. ಒಂಟಿತನ, ರಕ್ತ ಎರಡೂ ಕೇಳಲು ಚೆಂದ. ಆದರೆ ಅವನಿಗೆ ಮನೆಯಿಂದ ಬಂದದ್ದು ಏನೆಂದು ನೋಡಿದರೆ ಸಿಗುವುದು ಒಂದು ಕೊಳೆತ ದೋಣಿ.

1898ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಫೈಫ್ ವಿನ್ಯಾಸ ಮಾಡಿದ್ದ ಈ ದೋಣಿಯನ್ನು ತಂದೆ ಗಿ ತಾಬರ್ಲಿ 1938ರಲ್ಲಿ ಕೊಂಡ. ‘ಪೆನ್ ಡುಯಿಕ್’ ಅಂದರೆ ಬ್ರೆಟನ್ ಭಾಷೆಯಲ್ಲಿ ಕರಿತಲೆಯ ಪುಟ್ಟ ಹಕ್ಕಿ. ಯುದ್ಧದ ವರ್ಷಗಳಲ್ಲಿ ಅದು ಕೆಸರಿನಲ್ಲಿ ಬಿದ್ದಿತ್ತು. ಮಾರಲು ಹೊರಟರೂ ಕೊಳ್ಳುವವರಿಲ್ಲ. 1952ರಲ್ಲಿ ಅದು ಮಗನ ಪಾಲಿಗೆ ಬಂತು. ಮರವೆಲ್ಲ ಹೋಗಿತ್ತು, ದುರಸ್ತಿಗೆ ಹಣವಿಲ್ಲ. 1958ರಲ್ಲಿ ಆತ ಹಳೆಯ ಒಡಲನ್ನೇ ಅಚ್ಚು ಮಾಡಿಕೊಂಡು, ಅದರ ಮೇಲೆ ಗಾಜುನಾರು ಮತ್ತು ರಾಳದ ಪದರಗಳನ್ನು ಹೊದಿಸಿ, ಅದೇ ಆಕಾರದ ಹೊಸ ಒಡಲನ್ನು ಪಡೆದ. ಆಗ ಅದು ಹೊಸ ವಿದ್ಯೆ. ಮರದ ದೋಣಿಯ ಅಭಿಮಾನಿಗಳಿಗೆ ಅಪಚಾರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಥೀಸಿಯಸ್‌ನ ಹಡಗು ನೆನಪಾಗಬಹುದು. ಆದರೆ ಆ ಒಗಟಿನಲ್ಲಿ ಹಲಗೆಗಳು ಒಂದೊಂದಾಗಿ ಬದಲಾಗುತ್ತವೆ, ಪ್ರತಿ ಹೊಸ ಹಲಗೆಗೂ ಪಕ್ಕದಲ್ಲಿ ಹಳೆಯದೊಂದು ಇರುತ್ತದೆ. ಇಲ್ಲಿ ಹಾಗಲ್ಲ. ಹಳೆಯದು ಇಡಿಯಾಗಿ ಆಕಾರವನ್ನು ಕೊಟ್ಟು ಇಡಿಯಾಗಿ ಹೊರಗೆ ಹೋಯಿತು. ತಂದೆಯಿಂದ ಬಂದ ಮರದ ಒಡಲು ಉಳಿಯಲಿಲ್ಲ, ಫೈಫ್‌ನ ರೇಖೆ ಉಳಿಯಿತು. ‘ಪರಂಪರೆ’ ಎಂಬ ಪದವನ್ನು ನಾವು ಸಲೀಸಾಗಿ ಬಳಸುತ್ತೇವಲ್ಲ, ಅದರೊಳಗೆ ಇಂಥ ಕೈಕೆಲಸವೂ, ಇಷ್ಟು ನಿರ್ದಾಕ್ಷಿಣ್ಯವೂ ಇರಬಹುದೆಂದು ಎಷ್ಟು ಸಲ ಯೋಚಿಸಿದ್ದೇವೆ?

ಒಂಟಿ ವೀರನ ಕತೆಯಲ್ಲಿ ಬದಿಗೆ ಸರಿಯುವ ಇನ್ನೊಂದು ಸಂಗತಿ ಅವನ ಶಿಷ್ಯರು. ಸಂಗೀತದವರು ಘರಾನೆ ಎನ್ನುವುದು ಇಲ್ಲಿಗೂ ಸಲ್ಲುತ್ತದೆ. ಅಲೆನ್ ಕೊಲಾ ಅವನ ದೋಣಿಯಲ್ಲಿ ದುಡಿದು ಕಲಿತವನು. ಗುರುವಿನಿಂದ ‘ಪೆನ್ ಡುಯಿಕ್ 4’ ಅನ್ನು ಕೊಂಡು, 1972ರಲ್ಲಿ ಅದರಲ್ಲೇ ಅಟ್ಲಾಂಟಿಕ್ ಸ್ಪರ್ಧೆ ಗೆದ್ದ. 1976ರಲ್ಲಿ 72 ಮೀಟರ್ ಉದ್ದದ, ನಾಲ್ಕು ಕೂವೆಮರಗಳ ದೈತ್ಯನನ್ನು ತಂದು ಗುರುವಿಗೇ ಎದುರಾಳಿಯಾದ. 1978ರಲ್ಲಿ, ‘ಮನುರೇವಾ’ ಎಂದು ಹೆಸರು ಬದಲಿಸಿದ್ದ ಅದೇ ಹಳೆಯ ದೋಣಿಯೊಂದಿಗೆ ಸ್ಪರ್ಧೆಯ ನಡುವೆ ಕಣ್ಮರೆಯಾದ. ಇವನನ್ನು ಬಿಟ್ಟು ತಾಬರ್ಲಿಯ ಜೀವನಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

1998ರ ಜೂನ್‌ನಲ್ಲಿ, ದೋಣಿಗೆ ನೂರು ತುಂಬಿದ ವರ್ಷ, ಫೈಫ್ ದೋಣಿಗಳ ಕೂಟಕ್ಕೆಂದು ಸ್ಕಾಟ್ಲೆಂಡಿಗೆ ಹೊರಟಿದ್ದಾಗ, ರಾತ್ರಿ ಹಾಯಿಯ ತೊಲೆ ಬಡಿದು ತಾಬರ್ಲಿ ‘ಪೆನ್ ಡುಯಿಕ್’ನಿಂದ ಕಡಲಿಗೆ ಬಿದ್ದ. ಇದನ್ನು ವಿಧಿಯ ಕಾವ್ಯವಾಗಿಸುವ ಆಸೆ ಯಾವ ಬರಹಗಾರನಿಗೂ ಆದೀತು. ನನಗದು ಇಷ್ಟವಿಲ್ಲ. ಆತ ರಕ್ಷಣಾಪಟ್ಟಿ ಕಟ್ಟಿಕೊಂಡಿರಲಿಲ್ಲ ಎಂಬ ಒಣ ಸಂಗತಿಯನ್ನು ಆ ಕಾವ್ಯ ಮುಚ್ಚಿಬಿಡುತ್ತದೆ. ಮನೆಯಲ್ಲಿ ಹದಿಹರೆಯದ ಮಗಳಿದ್ದಳು.

ಆ ಮಗಳು ಮಾರಿ ತಾಬರ್ಲಿ. 1973ರ ಭೂಪ್ರದಕ್ಷಿಣೆ ಸ್ಪರ್ಧೆಯಲ್ಲಿ ತಂದೆಯ ‘ಪೆನ್ ಡುಯಿಕ್ 6’ ಎರಡು ಬಾರಿ ಕೂವೆಮರ ಕಳೆದುಕೊಂಡಿತ್ತು. ಆ ಸ್ಪರ್ಧೆಯ ಐವತ್ತನೇ ವರ್ಷದ ನೆನಪಿಗೆ ನಡೆದ ಓಷನ್ ಗ್ಲೋಬ್ ರೇಸ್‌ನಲ್ಲಿ ಮಾರಿ ಅದೇ ದೋಣಿಯ ನಾಯಕಿಯಾಗಿ, 2024ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೌಸ್‌ಗೆ ಎಲ್ಲರಿಗಿಂತ ಮೊದಲು ಬಂದು ಮುಟ್ಟಿದಳು. ದೋಣಿಗಳ ಗಾತ್ರ, ವೇಗ ಲೆಕ್ಕಹಾಕಿ ಕೊಡುವ ಪ್ರಶಸ್ತಿ ಮಾತ್ರ ‘ಮೇಡನ್’ನ ಮಹಿಳಾ ತಂಡದ ಪಾಲಾಯಿತು. ಅಪ್ಪ 1976ರಲ್ಲಿ ಒಬ್ಬನೇ ನಡೆಸಿದ್ದ ಆ ದೋಣಿಯನ್ನು ಮಗಳು ತಂಡ ಕಟ್ಟಿಕೊಂಡು ನಡೆಸಿದಳು, ಅದು ಕಟ್ಟಿದಾಗಿನ ಲೆಕ್ಕಕ್ಕೆ ಸರಿಯಾಗಿ.