ಓಡಿದರಷ್ಟೇ ಉಳಿವು: ಕೋನಿ ಐಲ್ಯಾಂಡಿನ ಹಳೆಯ ಆಟಯಂತ್ರಗಳು

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ದಕ್ಷಿಣ ತುದಿಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ಇರುವ ಕೋನಿ ಐಲ್ಯಾಂಡ್ ಅಮೆರಿಕದ ಮನರಂಜನಾ ಉದ್ಯಾನಗಳ ತವರು. 1884ರಲ್ಲಿ ಲಮಾರ್ಕಸ್ ಥಾಂಪ್ಸನ್ ಇಲ್ಲಿ ತನ್ನ ಸ್ವಿಚ್‌ಬ್ಯಾಕ್ ರೈಲನ್ನು ಆರಂಭಿಸಿದ. ಟಿಕೆಟ್ಟಿಗೆ 5 ಸೆಂಟು, ವೇಗ ಗಂಟೆಗೆ ಸುಮಾರು 6 ಮೈಲಿ. ರೋಲರ್ ಕೋಸ್ಟರ್ ಉದ್ಯಮ ಬೆಳೆದದ್ದು ಆ ರೈಲಿನಿಂದ. 1897ರಿಂದ 1904ರೊಳಗೆ ಸ್ಟೀಪಲ್‌ಚೇಸ್, ಲೂನಾ ಪಾರ್ಕ್, ಡ್ರೀಮ್‌ಲ್ಯಾಂಡ್ ಎಂಬ ಮೂರು ದೊಡ್ಡ ಉದ್ಯಾನಗಳು ತಲೆಯೆತ್ತಿದವು. 1920ರಲ್ಲಿ ಸಬ್‌ವೇ ರೈಲು ಕಡಲದಂಡೆಗೆ ಬಂದ ಮೇಲೆ ನಗರದ ಬಡ ಕುಟುಂಬಗಳಿಗೂ ಇದು ರಜಾದಿನದ ಊರಾಯಿತು. ಆ ಮೂರು ಉದ್ಯಾನಗಳಲ್ಲಿ ಯಾವುದೂ ಉಳಿದಿಲ್ಲ. ಆ ಕಾಲದ ನೆನಪಾಗಿ ನಿಂತಿರುವವು ಮುಖ್ಯವಾಗಿ ನಾಲ್ಕು: ಸೈಕ್ಲೋನ್ ಎಂಬ ರೋಲರ್ ಕೋಸ್ಟರ್, ವಂಡರ್ ವೀಲ್ ಎಂಬ ದೈತ್ಯ ಚಕ್ರ, ಪ್ಯಾರಾಚೂಟ್ ಜಂಪ್ ಎಂಬ ಉಕ್ಕಿನ ಗೋಪುರ, ಬಿ ಆ್ಯಂಡ್ ಬಿ ಹೆಸರಿನ ಮರದ ಕುದುರೆಗಳ ಮೆರಿ-ಗೋ-ರೌಂಡ್. ಒಂದೊಂದನ್ನೂ ಉಳಿಸಿಕೊಂಡ ಬಗೆ ಬೇರೆ. ಹಾಗಾಗಿ ಆಟಯಂತ್ರವೊಂದನ್ನು ಉಳಿಸುವುದೆಂದರೆ ನಿಜವಾಗಿ ಏನನ್ನು ಉಳಿಸುವುದು ಎಂಬ ಪ್ರಶ್ನೆಯನ್ನು ಇಲ್ಲಿ ಒರೆಗೆ ಹಚ್ಚಿ ನೋಡಬಹುದು.

ಕಡಲದಂಡೆಯ ಆಟಯಂತ್ರಕ್ಕೆ ಮೂರು ಶತ್ರುಗಳು: ಉಪ್ಪುಗಾಳಿ, ಬೆಂಕಿ, ನೆಲದ ಬೆಲೆ. ಉಪ್ಪುಗಾಳಿ ಉಕ್ಕನ್ನು ತುಕ್ಕು ಹಿಡಿಸುತ್ತದೆ, ಮೊಳೆಗಳನ್ನು ತಿನ್ನುತ್ತದೆ. ಡ್ರೀಮ್‌ಲ್ಯಾಂಡ್ 1911ರ ಬೆಂಕಿಗೆ ಆಹುತಿಯಾಯಿತು, ಲೂನಾ ಪಾರ್ಕನ್ನು 1944ರ ಬೆಂಕಿ ಮುಗಿಸಿತು. ಸ್ಟೀಪಲ್‌ಚೇಸ್ 1964ರಲ್ಲಿ ಬಾಗಿಲು ಮುಚ್ಚಿದಾಗ ಅದರ ಜಾಗವನ್ನು ಕೊಂಡವರು ಅಲ್ಲಿ ವಸತಿ ಕಟ್ಟಡಗಳನ್ನು ಎಬ್ಬಿಸುವ ಲೆಕ್ಕದಲ್ಲಿದ್ದರು. 1966ರಲ್ಲಿ ಉದ್ಯಾನವನ್ನು ಕೆಡವಲಾಯಿತು. ಈ ಮೂರು ಶತ್ರುಗಳಲ್ಲಿ ಮೂರನೆಯದೇ ಹೆಚ್ಚು ಅಪಾಯಕಾರಿ. ತುಕ್ಕಿಗೆ ಬಣ್ಣವಿದೆ, ಬೆಂಕಿಗೆ ಎಚ್ಚರವಿದೆ. ನೆಲದ ಬೆಲೆಯ ಮುಂದೆ ಮಾತ್ರ ಹಳೆಯ ಯಂತ್ರಕ್ಕೆ ಕಾನೂನಲ್ಲದೆ ಬೇರೆ ಆಸರೆಯಿಲ್ಲ.

ಕಾನೂನಿನ ಆಸರೆ ಸಿಗದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಥಂಡರ್‌ಬೋಲ್ಟ್ ಸಾಕ್ಷಿ. 1925ರಲ್ಲಿ ಜಾನ್ ಮಿಲ್ಲರ್ ವಿನ್ಯಾಸಗೊಳಿಸಿದ ಈ ರೋಲರ್ ಕೋಸ್ಟರ್ ಹಳೆಯ ಹೋಟೆಲ್ ಕಟ್ಟಡವೊಂದರ ನೆತ್ತಿಯ ಮೇಲೆಯೇ ಹಾದುಹೋಗುತ್ತಿತ್ತು. 1977ರ ‘ಆ್ಯನಿ ಹಾಲ್’ ಚಿತ್ರದಲ್ಲಿ ಹಳಿಯ ಕೆಳಗಿನ ಆ ಕಟ್ಟಡವನ್ನು ಪ್ರೇಕ್ಷಕರು ನೋಡಿದ್ದಾರೆ. 1982ರಲ್ಲಿ ಓಟ ನಿಂತಿತು. ಅನಂತರ ಹದಿನೆಂಟು ವರ್ಷ ಅದು ಬಳ್ಳಿ ಹಬ್ಬಿಸಿಕೊಂಡು ನಿಂತಿತ್ತು. 2000ದ ನವೆಂಬರಿನಲ್ಲಿ, ಕುಸಿದುಬೀಳುವ ಅಪಾಯವಿದೆ ಎಂಬ ಕಾರಣ ಕೊಟ್ಟು ನಗರಾಡಳಿತ ಅದನ್ನು ನೆಲಸಮ ಮಾಡಿತು. ಮುಂದೆ ವಿಷಯ ನ್ಯಾಯಾಲಯಕ್ಕೆ ಹೋದಾಗ ಆ ಕಾರಣ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ತೀರ್ಪಿನಿಂದ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. 2014ರಲ್ಲಿ ಅದೇ ಹೆಸರಿನ ಉಕ್ಕಿನ ಕೋಸ್ಟರ್ ಬಂತು. ಹೆಸರಿನ ಹೊರತು ಹಳೆಯದರ ಏನನ್ನೂ ಅದು ಉಳಿಸಿಕೊಂಡಿಲ್ಲ. ಕೆಡವುವ ನಿರ್ಧಾರ ಒಂದು ದಿನದ್ದಾಗಿ ಕಂಡರೂ ಆ ಯಂತ್ರ ಸತ್ತದ್ದು 1982ರಲ್ಲಿ, ಓಟ ನಿಂತ ದಿನ. ಓಡದ ಯಂತ್ರಕ್ಕೆ ಎಣ್ಣೆ ಹಾಕುವವರಿಲ್ಲ, ಎಣ್ಣೆ ಕಾಣದ ಯಂತ್ರ ಅಪಾಯಕಾರಿ ಎನಿಸಿಕೊಳ್ಳಲು ಬಹಳ ಕಾಲ ಬೇಕಿಲ್ಲ.

ಪ್ಯಾರಾಚೂಟ್ ಜಂಪ್‌ಗೆ ಕಾನೂನಿನ ಆಸರೆ ಸಿಕ್ಕಿತು. ಸುಮಾರು 250 ಅಡಿ ಎತ್ತರದ ಈ ಗೋಪುರವನ್ನು ಕಟ್ಟಿದ್ದು 1939ರ ನ್ಯೂಯಾರ್ಕ್ ವಿಶ್ವಮೇಳಕ್ಕಾಗಿ. ಸೈನಿಕರಿಗೆ ಪ್ಯಾರಾಚೂಟ್ ತರಬೇತಿ ಕೊಡುವ ಗೋಪುರದ ತತ್ವವೇ ಇದರದ್ದು. 1941ರಲ್ಲಿ ಇದು ಸ್ಟೀಪಲ್‌ಚೇಸ್ ಉದ್ಯಾನಕ್ಕೆ ಬಂತು, 1960ರ ದಶಕದಲ್ಲಿ ಆಟ ನಿಲ್ಲಿಸಿತು. 1977ರಲ್ಲಿ ನಗರದ ಪಾರಂಪರಿಕ ಸ್ಮಾರಕವೆಂಬ ಮಾನ್ಯತೆ ಸಿಕ್ಕರೂ ಕೆಲವೇ ತಿಂಗಳಲ್ಲಿ ಅದು ರದ್ದಾಯಿತು; 1989ರಲ್ಲಿ ಮತ್ತೆ ಸಿಕ್ಕಿತು. 2003ರ ಹೊತ್ತಿಗೆ ಗೋಪುರದ ಮೇಲ್ಭಾಗವನ್ನು ಬಿಚ್ಚಿ, ದುರಸ್ತಿ ಮಾಡಿ, ಕೆಂಪು ಬಣ್ಣ ಬಳಿದು ನಿಲ್ಲಿಸಲಾಯಿತು. ಈಗ ರಾತ್ರಿ ಸಾವಿರಾರು ಎಲ್ಇಡಿ ದೀಪಗಳಲ್ಲಿ ಅದು ಹೊಳೆಯುತ್ತದೆ. ಕಡಲದಂಡೆಯ ಗುರುತಾಗಿ ಅದರ ಚೆಲುವನ್ನು ಯಾರೂ ಅಲ್ಲಗಳೆಯಲಾರರು. ಆದರೆ ತೂಗುವ ಆಸನದಲ್ಲಿ ಮೇಲೇರಿ, ಕೊಂಡಿ ಕಳಚಿದ ಕ್ಷಣ ಎದೆ ಝಲ್ಲೆನ್ನುವ ಅನುಭವಕ್ಕಾಗಿ ಕಟ್ಟಿದ ಗೋಪುರ ಈಗ ದೂರದಿಂದ ನೋಡುವ ದೀಪಸ್ತಂಭವಾಗಿದೆ. ಕಾನೂನು ಕೆಡವುವ ಕೈಯನ್ನು ತಡೆಯಬಲ್ಲದು, ಆಟ ನಡೆಸಿ ಎಂದು ಯಾರನ್ನೂ ಒತ್ತಾಯಿಸಲಾರದು. ಪಾರಂಪರಿಕ ಮಾನ್ಯತೆಯ ಮಿತಿ ಇದು.

ಸೈಕ್ಲೋನ್ ಈ ಮಿತಿಯನ್ನು ದಾಟಿದೆ. ವರ್ನನ್ ಕೀನನ್ ವಿನ್ಯಾಸದ ಈ ಕೋಸ್ಟರ್ 1927ರ ಜೂನ್ 26ರಂದು ಆರಂಭವಾಯಿತು. ಉಕ್ಕಿನ ಚೌಕಟ್ಟಿನ ಮೇಲೆ ಮರದ ಹಳಿ. ಮೊದಲ ಇಳಿತ 85 ಅಡಿಯದು, ಸುಮಾರು 60 ಡಿಗ್ರಿಯ ಕಡಿದಾದ ಇಳಿಜಾರು. ವೇಗ ಗಂಟೆಗೆ ಸುಮಾರು 60 ಮೈಲಿ. ಇಡೀ ಸವಾರಿ ಎರಡು ನಿಮಿಷದೊಳಗೆ ಮುಗಿಯುತ್ತದೆ. 1969ರಲ್ಲಿ ನಗರಾಡಳಿತ ಇದನ್ನು ಕೊಂಡಿತು. ಪಕ್ಕದ ಮತ್ಸ್ಯಾಗಾರವನ್ನು ಹಿಗ್ಗಿಸಲು ಇದನ್ನು ಕೆಡವುವ ಯೋಚನೆಯೂ ನಡೆಯಿತು. ಸಾರ್ವಜನಿಕರು ಪಟ್ಟುಹಿಡಿದದ್ದರಿಂದ ಆ ಯೋಚನೆಯನ್ನು ಕೈಬಿಡಲಾಯಿತು. ಅಸ್ಟ್ರೋಲ್ಯಾಂಡ್ ಉದ್ಯಾನದವರು ಗುತ್ತಿಗೆಗೆ ಪಡೆದು, ದುರಸ್ತಿ ಮಾಡಿ 1975ರ ಜುಲೈಯಲ್ಲಿ ಮತ್ತೆ ಓಡಿಸಿದರು. ನಗರದ ಪಾರಂಪರಿಕ ಮಾನ್ಯತೆ ಬಂದದ್ದು ಆಮೇಲೆ, 1988ರಲ್ಲಿ. ಮೊದಲು ಓಟ, ಆಮೇಲೆ ಮಾನ್ಯತೆ ಎಂಬ ಈ ಕ್ರಮದಲ್ಲೇ ಅದರ ಭಾಗ್ಯವಿದೆ. ಗುತ್ತಿಗೆಯ ಏರ್ಪಾಡೂ ಮೆಚ್ಚುವಂಥದ್ದು. ಒಡೆತನ ಸಾರ್ವಜನಿಕರದಾದ್ದರಿಂದ ನೆಲವನ್ನು ಮಾರಿಕೊಳ್ಳುವ ಆಸೆಗೆ ಎಡೆಯಿಲ್ಲ. ನಡೆಸುವವರ ಗಳಿಕೆ ಓಟದಿಂದಲೇ ಆದ್ದರಿಂದ ನಿಲ್ಲಿಸುವ ಸೋಮಾರಿತನಕ್ಕೂ ಎಡೆಯಿಲ್ಲ.

ವಂಡರ್ ವೀಲ್ 1920ರಲ್ಲಿ ಶುರುವಾಯಿತು. ಎತ್ತರ 150 ಅಡಿ, ತೊಟ್ಟಿಲುಗಳು 24. ಅವುಗಳಲ್ಲಿ 8 ಮಾತ್ರ ಚಕ್ರದ ಅಂಚಿಗೆ ಬಿಗಿದುಕೊಂಡಿವೆ. ಉಳಿದ 16 ಒಳಗಿನ ಬಾಗಿದ ಹಳಿಗಳ ಮೇಲೆ ಜಾರುತ್ತ, ಚಕ್ರ ತಿರುಗಿದಂತೆ ಹೊರಕ್ಕೂ ಒಳಕ್ಕೂ ಓಲಾಡುತ್ತವೆ. 1977ರ ಜುಲೈಯಲ್ಲಿ ಇಡೀ ನಗರದ ವಿದ್ಯುತ್ ಹೋದಾಗ ಚಕ್ರವನ್ನು ಕೈಯಿಂದಲೇ ತಿರುಗಿಸಿ ಜನರನ್ನು ಇಳಿಸಿದರು. 1983ರಲ್ಲಿ ಡೀನೋ ವುರ್ಡೆರಿಸ್ ಇದನ್ನು ಕೊಂಡರು. ಅವರ ಕುಟುಂಬದ ಕೈಯಲ್ಲೇ ಇದು ಇಂದಿಗೂ ತಿರುಗುತ್ತಿದೆ. ಪ್ರತಿ ಚಳಿಗಾಲ ತೊಟ್ಟಿಲುಗಳನ್ನು ಕಳಚಿಡುತ್ತಾರೆ, ವಸಂತದಲ್ಲಿ ಮತ್ತೆ ಜೋಡಿಸುತ್ತಾರೆ. ವರ್ಷ ವರ್ಷವೂ ಮರಳುವ ಈ ಕೆಲಸಕ್ಕೆ ಸಮನಾದ ಸಂರಕ್ಷಣಾ ವಿಧಾನ ಇನ್ನೊಂದಿಲ್ಲ, ಏಕೆಂದರೆ ಯಂತ್ರದ ಜತೆಗೆ ಯಂತ್ರ ಬಲ್ಲ ಕೈಗಳೂ ಅದರಲ್ಲಿ ಉಳಿಯುತ್ತವೆ.

ಬಿ ಆ್ಯಂಡ್ ಬಿ ಮೆರಿ-ಗೋ-ರೌಂಡ್‌ನ 50 ಕುದುರೆಗಳು 20ನೇ ಶತಮಾನದ ಆರಂಭದ ಕೆತ್ತನೆಗಾರರ ಕೈಚಳಕ. ಅದನ್ನು ಬಿಡಿ ಬಿಡಿಯಾಗಿ ಮಾರಿದ್ದರೆ ಒಂದೊಂದು ಕುದುರೆಯೂ ಒಬ್ಬೊಬ್ಬ ಸಂಗ್ರಾಹಕನ ಹಜಾರ ಸೇರುತ್ತಿತ್ತು. 2005ರಲ್ಲಿ ನಗರಾಡಳಿತ 18 ಲಕ್ಷ ಡಾಲರಿಗೆ ಇಡಿಯಾಗಿ ಕೊಂಡು, ಒಹಾಯೋದ ಕುಶಲಕರ್ಮಿಗಳಿಂದ ದುರಸ್ತಿ ಮಾಡಿಸಿ, 2013ರಲ್ಲಿ ಕಡಲದಂಡೆಯ ಹೊಸ ಮಂಟಪದಲ್ಲಿ ನಿಲ್ಲಿಸಿತು. ಜಾಗ ಬದಲಾದರೂ ಊರು ಬದಲಾಗಲಿಲ್ಲ. ಮುಖ್ಯವಾಗಿ, ಮಕ್ಕಳು ಆ ಕುದುರೆಗಳ ಮೇಲೆ ಇಂದಿಗೂ ಕೂರುತ್ತಾರೆ.

ಓಡಿಸುವುದೇ ಉಳಿಸುವ ದಾರಿ ಎಂದರೆ ಒಂದು ಆಕ್ಷೇಪ ಏಳುತ್ತದೆ: ಓಡುವ ಯಂತ್ರ ಸವೆಯುತ್ತದೆ, ಸವೆದ ಭಾಗ ಬದಲಾಗುತ್ತದೆ, ಕೊನೆಗೆ ಹಳೆಯದು ಎನ್ನಲು ಏನು ಉಳಿದೀತು? ಸೈಕ್ಲೋನ್‌ನ ಮರದ ಹಳಿಯನ್ನು ತುಂಡು ತುಂಡಾಗಿ ಮತ್ತೆ ಮತ್ತೆ ಹೊಸದಾಗಿ ಹಾಕಲಾಗಿದೆ. ಇಂಗ್ಲೆಂಡಿನ ಮಾರ್ಗೇಟ್ ಕಡಲದಂಡೆಯ ಸೀನಿಕ್ ರೈಲ್ವೆ ಈ ಪ್ರಶ್ನೆಗೆ ಇನ್ನೂ ಕಠಿಣವಾದ ಪರೀಕ್ಷೆ. 1920ರ ಆ ಕೋಸ್ಟರಿಗೆ 2002ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತ್ತು. 2008ರ ಬೆಂಕಿಯಲ್ಲಿ ಅದರ ಒಂದು ಭಾಗವೂ ಗಾಡಿಗಳೂ ಸುಟ್ಟುಹೋದವು. ಊರಿನವರು ಬಿಡದೆ ಹೋರಾಡಿದರು. ಹೊಸ ಮರ, ಹೊಸ ಗಾಡಿಗಳೊಂದಿಗೆ 2015ರಲ್ಲಿ ಅದು ಮತ್ತೆ ಓಡಿತು. ಅಲ್ಲಿ ಹಳೆಯ ಮರಕ್ಕಿಂತ ಹಳೆಯ ವಿನ್ಯಾಸ ಮತ್ತು ಓಡಿಸುವ ಪದ್ಧತಿಯೇ ದೊಡ್ಡ ಆಸ್ತಿ: ಗಾಡಿಯ ಮೇಲೆಯೇ ಬ್ರೇಕ್‌ಮನ್ ಇದ್ದು ಕೈಯಿಂದ ವೇಗವನ್ನು ಹಿಡಿದಿಡುತ್ತಿದ್ದ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1912ರಿಂದ ನಡೆದುಬಂದ ಗ್ರೇಟ್ ಸೀನಿಕ್ ರೈಲ್ವೆಯದೂ ಇದೇ ಪದ್ಧತಿ. ತಿರುವಿನಲ್ಲಿ ಎಷ್ಟು ಬಿಗಿಹಿಡಿಯಬೇಕು, ಮಳೆಯ ದಿನ ಎಲ್ಲಿ ಮೊದಲೇ ಹಿಡಿಯಬೇಕು ಎಂಬುದು ಒಬ್ಬರ ಪಕ್ಕದಲ್ಲಿ ನಿಂತು ಇನ್ನೊಬ್ಬರು ಕಲಿಯುವ ವಿದ್ಯೆ. ಹಲಗೆ ಬದಲಾದರೆ ನಷ್ಟವಿಲ್ಲ; ಹಲಗೆ ಹಾಕುವವರೂ ಬ್ರೇಕ್ ಹಿಡಿಯುವವರೂ ಇಲ್ಲವಾದರೆ ಯಂತ್ರವೇ ಇಲ್ಲವಾದಂತೆ.

ಕೋನಿ ಐಲ್ಯಾಂಡಿನ ಪ್ರಯತ್ನದಲ್ಲಿ ಕೊರತೆಗಳಿಲ್ಲದಿಲ್ಲ. 2009ರಲ್ಲಿ ನಗರಾಡಳಿತ ಸುಮಾರು 7 ಎಕರೆ ನೆಲವನ್ನು 9 ಕೋಟಿ 56 ಲಕ್ಷ ಡಾಲರಿಗೆ ಕೊಂಡು ಬಯಲು ಆಟಗಳಿಗೆ ಜಾಗವನ್ನು ಮೀಸಲಿಟ್ಟದ್ದು ಸರಿಯಾದ ಹೆಜ್ಜೆ. ಆದರೆ ಮೀಸಲಾದ ಆ ಜಾಗ ಹಳೆಯ ಕೋನಿ ಐಲ್ಯಾಂಡಿನ ಹರವಿಗೆ ಹೋಲಿಸಿದರೆ ಕಿರಿದು, ಸುತ್ತ ಎತ್ತರದ ಕಟ್ಟಡಗಳಿಗೆ ದಾರಿ ತೆರೆದಿದೆ. 2012ರ ಸ್ಯಾಂಡಿ ಚಂಡಮಾರುತ ಉಪ್ಪುನೀರನ್ನು ಯಂತ್ರಗಳ ಒಳಕ್ಕೇ ನುಗ್ಗಿಸಿತು. ಏರುತ್ತಿರುವ ಕಡಲಿನ ಮುಂದೆ ಇಂಥ ಹಾನಿಯ ದುರಸ್ತಿ ಪದೇಪದೇ ಬೇಕಾಗಲಿದೆ. ಟಿಕೆಟ್ ದರದ ವಿಷಯವೂ ಇದೆ. ಈ ಆಟಗಳು ಹುಟ್ಟಿದ್ದೇ ಚಿಲ್ಲರೆ ಕಾಸಿಗೆ ಜನಸಾಮಾನ್ಯರನ್ನು ನಲಿಸಲು. ಅವರಿಗೆ ಕೈಗೆಟುಕದಂತಾದರೆ ಯಂತ್ರ ಉಳಿದೂ ಪರಂಪರೆ ಕಳೆದಂತೆ.

ಈ ಎಲ್ಲ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ತೂಗಿದಾಗ ಅಳತೆಗೋಲು ಸ್ಪಷ್ಟವಾಗುತ್ತದೆ. ಥಂಡರ್‌ಬೋಲ್ಟ್ ಪೂರ್ತಿ ಸೋಲು. ಪ್ಯಾರಾಚೂಟ್ ಜಂಪ್ ಅರ್ಧ ಗೆಲುವು. ಮೆರಿ-ಗೋ-ರೌಂಡ್, ಸೈಕ್ಲೋನ್, ವಂಡರ್ ವೀಲ್ ಮೂರೂ ಗೆದ್ದಿವೆ. ಅವುಗಳಲ್ಲೂ ವಂಡರ್ ವೀಲ್‌ನದು ಹೆಚ್ಚಿನ ಗೆಲುವು. ಅಲ್ಲಿ ಚಕ್ರವನ್ನು ತಿರುಗಿಸುವ ವಿದ್ಯೆಯೂ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದೆ.