ಪವರ್‌ಶೆಲ್ ಬಿಟ್ಟದ್ದು, ಉಳಿಸಿಕೊಂಡದ್ದು

ವಿಂಡೋಸ್‌ಗೆಂದೇ ಹುಟ್ಟಿದ ಕಮಾಂಡ್ ಶೆಲ್ ಆದ ಪವರ್‌ಶೆಲ್ ಅನ್ನು ಮೈಕ್ರೋಸಾಫ್ಟ್ 2016ರ ಆಗಸ್ಟ್‌ನಲ್ಲಿ ಓಪನ್ ಸೋರ್ಸ್ ಮಾಡಿ ಲಿನಕ್ಸ್‌ಗೂ ಮ್ಯಾಕ್‌ಗೂ ತಂದಿತು. ಜೊತೆಗೇ ಒಂದು ತಕರಾರೂ ಎದ್ದಿತು. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಕರ್ಲ್’ ಎಂದು ಟೈಪ್ ಮಾಡಿದರೆ ಓಡುತ್ತಿದ್ದುದು ವೆಬ್‌ನಿಂದ ಡೇಟಾ ತರುವ ನಿಜವಾದ ಕರ್ಲ್ ಅಲ್ಲ, ಪವರ್‌ಶೆಲ್‌ನದೇ ಆದ ‘ಇನ್ವೋಕ್-ವೆಬ್‌ರಿಕ್ವೆಸ್ಟ್’. ಹೆಸರು ಕರ್ಲ್‌ನದು, ನಡವಳಿಕೆ ಬೇರೆಯದು. ಈ ಅಲಿಯಾಸ್ (ಅಡ್ಡಹೆಸರು) ತೆಗೆಯಿರಿ ಎಂದು ಕರ್ಲ್‌ನ ಕರ್ತೃ, ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ತಾವೇ ತಿದ್ದುಪಡಿ ಕಳಿಸಿದರು. ಹಳೆಯ ಸ್ಕ್ರಿಪ್ಟ್‌ಗಳು ಕೆಡುತ್ತವೆ ಎಂಬ ಆಕ್ಷೇಪ ಬಂತು. ಆದರೂ 2018ರ ಜನವರಿಯಲ್ಲಿ ಬಂದ ಪವರ್‌ಶೆಲ್ 6.0ರಲ್ಲಿ ಆ ಅಲಿಯಾಸ್ ಇರಲಿಲ್ಲ. ತೆಗೆದದ್ದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಏಕೆಂದರೆ ಹಳಬರಿಗೆ ನೆಲೆ ತಪ್ಪಲಿಲ್ಲ. ಹೊಸ ಶೆಲ್‌ಗೆ ‘ಪಿಡಬ್ಲ್ಯುಎಸ್‌ಎಚ್’ ಎಂಬ ಬೇರೆ ಹೆಸರು ಕೊಟ್ಟು, ವಿಂಡೋಸ್‌ನ ಹಳೆಯ 5.1ರ ಪಕ್ಕದಲ್ಲೇ ಅದು ಓಡುವಂತೆ ಮಾಡಿದರು. ‘ವರ್ಕ್‌ಫ್ಲೋ’ ಎಂಬ ಹಳೆಯ ಸೌಲಭ್ಯವನ್ನು ಕೈಬಿಟ್ಟಾಗಲೂ ಅದನ್ನು ಬಳಸಿದ ಸ್ಕ್ರಿಪ್ಟ್ ಮೊದಲ ಸಾಲೂ ಓಡುವ ಮುನ್ನವೇ ಎರರ್ ಕೊಟ್ಟು ನಿಲ್ಲುತ್ತದೆ. ನಷ್ಟ ಕಣ್ಣಿಗೆ ಬೀಳುತ್ತದೆ, ದುರಸ್ತಿ ಎಲ್ಲಿಂದ ಶುರುಮಾಡಬೇಕೆಂದೂ ತಿಳಿಯುತ್ತದೆ. ಕನ್ನಡದಲ್ಲಿ ಬರೆಯುವ ನಮಗಂತೂ 6.0 ಮಾಡಿದ ಇನ್ನೊಂದು ಬದಲಾವಣೆ ದೊಡ್ಡ ಉಪಕಾರ. 5.1ರ ‘ಸೆಟ್-ಕಂಟೆಂಟ್’ ಕನ್ನಡಕ್ಕೆ ಜಾಗವೇ ಇಲ್ಲದ ಹಳೆಯ ಕೋಡ್‌ಪೇಜ್‌ನಲ್ಲಿ ಫೈಲ್ ಬರೆದು ಅಕ್ಷರಗಳನ್ನೆಲ್ಲ ಪ್ರಶ್ನಾರ್ಥಕ ಚಿಹ್ನೆ ಮಾಡಿಬಿಡುತ್ತಿತ್ತು, 6.0 ತಾನಾಗಿಯೇ ಯುಟಿಎಫ್-8ರಲ್ಲಿ ಬರೆಯತೊಡಗಿತು.

ಫೈಲುಗಳ ಪಟ್ಟಿ ಕೊಡುವ ‘ಎಲ್‌ಎಸ್’ ವಿಷಯದಲ್ಲಿ ಮಾತ್ರ ಈ ನಿಷ್ಠುರತೆ ಉಳಿಯಲಿಲ್ಲ. ಲಿನಕ್ಸ್, ಮ್ಯಾಕ್‌ಗಳಲ್ಲಿ ಆ ಅಲಿಯಾಸ್ ತೆಗೆದರು, ವಿಂಡೋಸ್‌ನಲ್ಲಿ ಇಟ್ಟುಕೊಂಡರು. ಪರಿಣಾಮ ನೋಡಿ. ‘ಎಲ್‌ಎಸ್’ ಕೊಟ್ಟ ಪಟ್ಟಿಯಿಂದ ‘ಲೆಂಗ್ತ್’ 10000ಕ್ಕಿಂತ ಹೆಚ್ಚಿರುವುದನ್ನು ಆರಿಸುವ ಸಾಲೊಂದಿದೆ ಎನ್ನಿ. ವಿಂಡೋಸ್‌ನಲ್ಲಿ ಬರುವುದು ಫೈಲ್ ಆಬ್ಜೆಕ್ಟ್, ಲೆಂಗ್ತ್ ಎಂದರೆ ಫೈಲಿನ ಗಾತ್ರ. ಲಿನಕ್ಸ್‌ನಲ್ಲಿ ಓಡುವುದು ಅಲ್ಲಿನದೇ ಎಲ್‌ಎಸ್. ಅದು ಕೊಡುವುದು ಬರೀ ಪಠ್ಯ. ಪಠ್ಯದ ಸಾಲಿಗೂ ಲೆಂಗ್ತ್ ಇದೆ, ಆದರೆ ಅದು ಅಕ್ಷರಗಳ ಎಣಿಕೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ದೊಡ್ಡ ಫೈಲುಗಳು ಎಷ್ಟಿದ್ದರೂ ಫಲಿತಾಂಶ ಖಾಲಿ. ಡಿಸ್ಕ್ ತೆರವುಗೊಳಿಸುವ ಸ್ಕ್ರಿಪ್ಟ್ ಇದನ್ನು ನಂಬಿ ಕೂತರೆ ಡಿಸ್ಕ್ ತುಂಬುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಅಲಿಯಾಸ್ ಬಳಸಬೇಡಿ ಎಂದು ‘ಸ್ಕ್ರಿಪ್ಟ್ ಅನಲೈಸರ್’ ಹೇಳುತ್ತದೆ ನಿಜ, ಆದರೆ ಅದು ಪ್ರತ್ಯೇಕ ಮಾಡ್ಯೂಲ್. ಈ ಎಚ್ಚರಿಕೆ ಶೆಲ್‌ನಿಂದಲೇ ಬರಬೇಕಿತ್ತು.